ಒರೆಸುವ ಮೊದಲು ನೆನೆಸಿ

ಪ್ರಶ್ನೆ: ನಾನು ಧಾರವಾಡದ ಮಾಳಮಡ್ಡಿಯಲ್ಲಿದ್ದೇನೆ. ಕೆಲಸಕ್ಕೆಂದು ವಾರದಲ್ಲಿ ಐದು ದಿನ ಕಾರಿನಲ್ಲಿ ನವಲಗುಂದಕ್ಕೆ ಹೋಗಿಬರುತ್ತೇನೆ. ಕಡುನೀಲಿ ಬಣ್ಣದ ಕಾರು, ಕೊಂಡು ನಾಲ್ಕು ವರ್ಷವಾಯಿತು. ಪ್ರತಿದಿನ ಬೆಳಿಗ್ಗೆ ಒರೆಸುತ್ತೇನೆ, ಭಾನುವಾರ ಬೋರ್‌ವೆಲ್ ನೀರಿನಿಂದ ತೊಳೆಯುತ್ತೇನೆ. ಆದರೂ ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ ಮೇಲೆ ಜೇಡರ ಬಲೆಯಂತಹ ಗೆರೆಗಳು, ಬಿಳಿ ಕಲೆಗಳು ಕಾಣುತ್ತವೆ. ಮುಟ್ಟಿದರೆ ಮೈ ಒರಟಾಗಿದೆ. ಬಂಪರಿನ ಕಪ್ಪು ಪ್ಲಾಸ್ಟಿಕ್ ಬೂದಿ ಬಣ್ಣಕ್ಕೆ ತಿರುಗಿದೆ. ಕಾರು ನಿಲ್ಲುವುದು ಅಂಗಳದ ಮಾವಿನ ಮರದ ಕೆಳಗೆ. ಬಣ್ಣವನ್ನು ಕಾಪಾಡುವ ತೆಳು ಪದರವಾದ ಸೆರಾಮಿಕ್ ಕೋಟಿಂಗ್ ಮಾಡಿಸಿ ಎಂದು ಒಬ್ಬರು 28,000 ರೂಪಾಯಿ ಹೇಳಿದ್ದಾರೆ. ಅದನ್ನು ಮಾಡಿಸಲೇ, ಅಥವಾ ಮನೆಯಲ್ಲೇ ಏನಾದರೂ ಮಾಡಿಕೊಳ್ಳಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಒಂದೇ ಒಂದು ಪದ ತಪ್ಪಾಗಿದೆ. ‘ಪ್ರತಿದಿನ ಒರೆಸುತ್ತೇನೆ, ಆದರೂ ಗೆರೆಗಳು ಕಾಣುತ್ತವೆ’ ಎಂದಿದ್ದೀರಿ. ‘ಆದ್ದರಿಂದಲೇ’ ಎಂದು ಬರೆಯಬೇಕಿತ್ತು. ಇಪ್ಪತ್ತಾರು ವರ್ಷ ಹುಬ್ಬಳ್ಳಿಯಲ್ಲಿ ವಾಹನಗಳಿಗೆ ಬಣ್ಣ ಹೊಡೆಯುವ ಕೆಲಸ ಮಾಡಿದ್ದೇನೆ. ಬಿಸಿಲು ಕೆಡಿಸಿದ ಕಾರುಗಳಿಗಿಂತ ಮಾಲೀಕರ ಕೈಯಲ್ಲಿನ ಅರಿವೆ ಕೆಡಿಸಿದ ಕಾರುಗಳನ್ನೇ ಹೆಚ್ಚು ನೋಡಿದ್ದೇನೆ. ಮೂರು ವಾರ ನೀರು ಕಾಣದ ಕಾರು ಗ್ಯಾರೇಜಿಗೆ ಬಂದರೆ ತೊಳೆದು ಕಳಿಸಿದರಾಯಿತು. ದಿನವೂ ಒಣ ಅರಿವೆಯಿಂದ ತಿಕ್ಕಿಸಿಕೊಂಡ ಕಾರು ಬಂದರೆ ಯಂತ್ರ ಹಿಡಿಯಬೇಕಾಗುತ್ತದೆ.

ಕಾರಣ ಸರಳ. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ನಿಮ್ಮ ನೀಲಿ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್ ಇರುತ್ತದೆ. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳ್ಳಗೆ. ಹೊಳಪು ಇರುವುದು ಈ ಪದರದಲ್ಲೇ, ಬಿಸಿಲಿನ ಏಟು ತಿನ್ನುವುದೂ ಇದೇ. ರಸ್ತೆಯ ದೂಳಿನಲ್ಲಿರುವ ಸಣ್ಣ ಮರಳಿನ ಕಣಗಳು ಗಾಜನ್ನೇ ಗೀರಬಲ್ಲವು. ಅವು ಮೈಮೇಲೆ ಕುಳಿತಿರುವಾಗ ಅರಿವೆ ಎಳೆದರೆ ಅದು ಉಪ್ಪುಕಾಗದ ಎಳೆದಂತೆಯೇ. ‘ನಾನು ಗುಂಡಗೆ ತಿಕ್ಕುವುದಿಲ್ಲ, ಗೆರೆ ಮಾತ್ರ ಗುಂಡಗಿವೆಯಲ್ಲ’ ಎಂದು ಹಲವರು ಕೇಳುತ್ತಾರೆ. ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ. ಸೂರ್ಯನ ಪ್ರತಿಬಿಂಬದ ಸುತ್ತ ಅಡ್ಡಲಾಗಿರುವವು ಮಾತ್ರ ಹೊಳೆದು ಕಣ್ಣಿಗೆ ಬೀಳುವುದರಿಂದ ಬಲೆಯಂತೆ ತೋರುತ್ತದೆ. ನೀವು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ, ಬಲೆಯೂ ಸರಿಯುತ್ತದೆ.

ಆದ್ದರಿಂದ ನಾಳೆ ಬೆಳಿಗ್ಗೆಯಿಂದಲೇ ಒರೆಸುವುದನ್ನು ನಿಲ್ಲಿಸಿ. ಮುಂದಿನ ಗಾಜು, ಕನ್ನಡಿಗಳಿಗೆ ನೀರು ಚಿಮುಕಿಸಿ ಒರೆಸಿಕೊಂಡರೆ ಸಾಕು, ಉಳಿದ ದೂಳು ಭಾನುವಾರದವರೆಗೆ ಅಲ್ಲೇ ಇರಲಿ. ಸುಮ್ಮನೆ ಕುಳಿತ ದೂಳು ಗೀರುವುದಿಲ್ಲ. ಬಡಾವಣೆಗಳಲ್ಲಿ ತಿಂಗಳ ಲೆಕ್ಕದ ಮೇಲೆ ಕಾರು ಒರೆಸುವ ಹುಡುಗರ ಬಗ್ಗೆಯೂ ಇದೇ ಮಾತು. ಒಂದೇ ಬಕೇಟಿನ ನೀರು, ಒಂದೇ ಅರಿವೆ, ಹತ್ತು ಕಾರು. ಹುಡುಗನ ತಪ್ಪೇನೂ ಇಲ್ಲ, ನಾವು ಅವನಿಗೆ ಹೇಳಿರುವ ಕೆಲಸವೇ ಅದು. ಹಣ ಕೊಡುವುದನ್ನು ಮುಂದುವರಿಸಿ, ಒಳಗಿನ ಮ್ಯಾಟ್ ಝಾಡಿಸಲು, ಚಕ್ರ ತೊಳೆಯಲು ಹೇಳಿ.

ಇನ್ನು ತೊಳೆಯುವ ವಿಷಯ. ನೀವು ಓಡಾಡುವ ದಾರಿಯಲ್ಲಿ ಎರಡು ಬಗೆಯ ಮಣ್ಣಿದೆ. ಧಾರವಾಡದ ಸುತ್ತ ಕೆಂಪು ಮಸಾರಿ, ಹುಬ್ಬಳ್ಳಿ ದಾಟಿ ನವಲಗುಂದದತ್ತ ಹೋದಂತೆ ಕಪ್ಪು ಎರೆ. ಎರೆ ಮಣ್ಣಿನ ಗುಣ ಒಕ್ಕಲುತನದ ಮನೆಯವರಿಗೆ ಹೇಳಬೇಕಾಗಿಲ್ಲ. ಒಣಗಿದರೆ ಕಲ್ಲು, ಅರೆಹಸಿಯಿದ್ದರೆ ಚಪ್ಪಲಿಯನ್ನೇ ಕಿತ್ತುಕೊಳ್ಳುವ ಅಂಟು. ಆದರೆ ಚೆನ್ನಾಗಿ ನೀರು ಕುಡಿಸಿ ಕಾದರೆ ಉಬ್ಬಿ, ತಾನಾಗಿ ಜಾರಿ ಇಳಿಯುತ್ತದೆ. ಕಾರು ತೊಳೆಯುವವರು ಸೋಲುವುದು ಆ ನಡುವಿನ ಸ್ಥಿತಿಯಲ್ಲಿ. ಒಂದು ತಂಬಿಗೆ ನೀರು ಚೆಲ್ಲಿ, ಮಣ್ಣು ಅರೆಹಸಿಯಾದ ಕೂಡಲೇ ಸ್ಪಂಜು ಹಿಡಿದು ತಿಕ್ಕಲು ಶುರು ಮಾಡುತ್ತಾರೆ.

ನೀವು ಹೀಗೆ ಮಾಡಿ. ಕಾರು ನೆರಳಿನಲ್ಲಿರಲಿ, ಬಾನೆಟ್ ಕೈಯಿಟ್ಟರೆ ತಣ್ಣಗಿರಬೇಕು. ಬೆಳಿಗ್ಗೆ ಏಳರೊಳಗೆ ಅಥವಾ ಸಂಜೆ ಇಳಿಹೊತ್ತು ಸರಿಯಾದ ಸಮಯ. ಮೊದಲು ಚಕ್ರಗಳು, ಚಕ್ರದ ಮೇಲಿನ ಕಮಾನಿನ ಒಳಭಾಗ, ಬಾಗಿಲಿನ ಕೆಳ ಅಂಚು. ಕೊಳೆ ಹೆಚ್ಚಿರುವಲ್ಲಿ ಮೊದಲು ನೀರು ಕುಡಿಸಿದರೆ, ನೀವು ಮೇಲಿನ ಭಾಗ ಮುಗಿಸುವಷ್ಟರಲ್ಲಿ ಅದು ನೆನೆದಿರುತ್ತದೆ. ಆಮೇಲೆ ಎರಡು ಲೀಟರಿನ ಕೈಪಂಪಿನಲ್ಲಿ ಕಾರ್ ಶಾಂಪೂ ಬೆರೆಸಿದ ನೀರನ್ನು ಇಡೀ ಮೈಗೆ ಸಿಂಪಡಿಸಿ ಐದು ನಿಮಿಷ ಬಿಡಿ. ಪಂಪು ಹೊಸದಿರಲಿ, ಹೊಲಕ್ಕೆ ಔಷಧ ಹೊಡೆದದ್ದು ಬೇಡ. ಸಿಂಪಡಿಸಿದ್ದು ಮೈಮೇಲೆ ಒಣಗಲು ಬಿಡಬಾರದು. ಐದು ನಿಮಿಷದ ನಂತರ ಪೈಪಿನಿಂದ ಮೇಲಿನಿಂದ ಕೆಳಕ್ಕೆ ನೀರು ಹಾಯಿಸಿ. ಅರ್ಧಕ್ಕಿಂತ ಹೆಚ್ಚು ಕೊಳೆ ಕೈ ಸೋಕದೆಯೇ ಹೋಗಿರುತ್ತದೆ.

ಆಮೇಲೆ ಎರಡು ಬಕೇಟು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಕೈಗವಸನ್ನು ಶಾಂಪೂ ನೀರಿನಲ್ಲಿ ಅದ್ದಿ ಒಂದು ಭಾಗ ತೊಳೆದ ಮೇಲೆ, ಬರೀ ನೀರಿನಲ್ಲಿ ಜಾಲಾಡಿ ಹಿಂಡಿ, ಮತ್ತೆ ಶಾಂಪೂವಿಗೆ ಅದ್ದಬೇಕು. ಎರಡನೆಯ ಬಕೇಟಿನ ತಳದಲ್ಲಿ ಕೂಡುವ ಮಣ್ಣನ್ನು ಒಮ್ಮೆ ನೋಡಿದರೆ ಸಾಕು, ಮತ್ತೆ ಒಂದೇ ಬಕೇಟಿನಿಂದ ತೊಳೆಯಲು ನಿಮಗೆ ಮನಸ್ಸಾಗುವುದಿಲ್ಲ. ಛಾವಣಿ, ಬಾನೆಟ್, ಬಾಗಿಲಿನ ಮೇಲರ್ಧ, ಕೊನೆಗೆ ಕೆಳಗಿನ ಭಾಗ, ಈ ಕ್ರಮ ಬಿಡಬೇಡಿ. ಚಕ್ರಕ್ಕೆ ಬಳಸಿದ ಅರಿವೆ ಮೈಗೆ ತಾಗಕೂಡದು. ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ. ಅದರ ಕ್ಷಾರ ಮೇಣದ ಪದರವನ್ನು ತೆಗೆದುಹಾಕುತ್ತದೆ, ಪ್ಲಾಸ್ಟಿಕ್ಕನ್ನೂ ಪೇಲವ ಮಾಡುತ್ತದೆ. ಕೊನೆಯಲ್ಲಿ ಬಾಗಿಲುಗಳ ಕೆಳ ಅಂಚಿನಲ್ಲಿರುವ ಸಣ್ಣ ರಂಧ್ರಗಳನ್ನು ನೋಡಿ. ಒಳಗೆ ಇಳಿದ ನೀರು ಹೊರಹೋಗುವ ದಾರಿ ಅದು. ಎರೆ ಮಣ್ಣು ಅಲ್ಲಿ ಮೆತ್ತಿಕೊಂಡರೆ ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹಾಗೆಯೇ ಮುಂದಿನ ಗಾಜಿನ ಬುಡದಲ್ಲಿ ಸಿಕ್ಕಿಕೊಂಡ ಮಾವಿನೆಲೆಗಳನ್ನು ಮಳೆಗಾಲಕ್ಕೆ ಮುಂಚೆ ತೆಗೆಯಿರಿ.

ಬಿಳಿ ಕಲೆಗಳಿಗೆ ಕಾರಣ ನಿಮ್ಮ ಬೋರ್‌ವೆಲ್. ಬಚ್ಚಲಮನೆಯ ಹಂಡೆಯೊಳಗೆ ಸುಣ್ಣದ ಹಕ್ಕಳೆ ಕಟ್ಟುತ್ತದೆಯಲ್ಲ, ಅದೇ ಇದು. ನೀರು ಆರುತ್ತದೆ, ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಮೈಮೇಲೆ ಉಳಿಯುತ್ತದೆ. ತೊಳೆಯುವುದಕ್ಕೆ ಬೋರ್ ನೀರು ನಡೆಯುತ್ತದೆ, ಕೊನೆಯ ಎರಡು ಬಕೇಟು ಮಾತ್ರ ಮಲಪ್ರಭೆಯ ನಲ್ಲಿ ನೀರಿರಲಿ. ಮಳೆಗಾಲದಲ್ಲಿ ಛಾವಣಿಯಿಂದ ಹಿಡಿದಿಟ್ಟ ನೀರು ಇನ್ನೂ ಉತ್ತಮ. ಒಂದು ಎಚ್ಚರಿಕೆ: ಕುಡಿಯುವ ನೀರಿನ ಆರ್‌ಓ ಯಂತ್ರ ಹೊರಚೆಲ್ಲುವ ನೀರನ್ನು ಹಲವರು ಜಾಣತನದಿಂದ ಕಾರಿಗೆಂದು ಕೂಡಿಡುತ್ತಾರೆ. ಅದರಲ್ಲಿ ಲವಣ ಯಂತ್ರಕ್ಕೆ ಹೋದ ನೀರಿಗಿಂತ ಹೆಚ್ಚು. ಚಕ್ರಕ್ಕೆ, ಅಂಗಳಕ್ಕೆ ಬಳಸಿ, ಕಡೆಯ ನೀರಾಗಿ ಬೇಡ. ತೊಳೆದ ಕೂಡಲೇ ದಪ್ಪ ಮೈಕ್ರೋಫೈಬರ್ ಟವೆಲನ್ನು ಮೈಮೇಲೆ ಹಾಸಿ, ಒತ್ತಿ, ಎತ್ತಿ. ಎಳೆದಾಡುವುದು ಬೇಡ. ಟವೆಲ್ ನೆಲಕ್ಕೆ ಬಿದ್ದರೆ ಆ ದಿನಕ್ಕೆ ಅದರ ಕೆಲಸ ಮುಗಿಯಿತು.

ಈಗಾಗಲೇ ಇರುವ ಕಲೆಗಳಿಗೆ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಅರಿವೆಯನ್ನು ಅದರಲ್ಲಿ ತೋಯಿಸಿ, ತಣ್ಣನೆಯ ಮೈಮೇಲೆ ಒಂದು ನಿಮಿಷ ಹಾಸಿ, ಚೆನ್ನಾಗಿ ತೊಳೆಯಿರಿ. ಮೇಲೆ ಕುಳಿತ ಸುಣ್ಣವಾದರೆ ಹೋಗುತ್ತದೆ. ಹೋಗಲಿಲ್ಲವೆಂದರೆ ಅದು ಕ್ಲಿಯರ್ ಕೋಟನ್ನೇ ತಿಂದಿದೆ, ಪಾಲಿಶ್ ಬಿಟ್ಟರೆ ಗತಿಯಿಲ್ಲ. ತಾಮ್ರದ ಹಂಡೆಯ ನೆನಪಿನಿಂದ ಹುಣಸೆಹಣ್ಣು ತಿಕ್ಕಿದ ಒಬ್ಬ ಹಿರಿಯರನ್ನು ನಾನು ಬಲ್ಲೆ. ಹುಳಿಯ ಲೆಕ್ಕ ಅವರದು ಸರಿಯೇ ಇತ್ತು, ನಾರಿನ ಲೆಕ್ಕ ತಪ್ಪಿತ್ತು.

ಮೈ ಒರಟಾಗಿದೆ ಎಂದಿದ್ದೀರಿ. ತೊಳೆದ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಚೀಲದೊಳಗೆ ಕೈಹಾಕಿ ಬಾನೆಟ್ ಮೇಲೆ ಮೆಲ್ಲಗೆ ಸವರಿ, ಬೆರಳಿಗೆ ತಿಳಿಯದ ಒರಟೂ ತಿಳಿಯುತ್ತದೆ. ನಿಮ್ಮ ವಿಷಯದಲ್ಲಿ ಎರಡು ಅನುಮಾನಗಳಿವೆ. ಮಾಳಮಡ್ಡಿಯ ಮಗ್ಗುಲಲ್ಲೇ ರೈಲು ನಿಲ್ದಾಣ. ರೈಲಿನ ಗಾಲಿ, ಬ್ರೇಕು, ಹಳಿ ಒಂದಕ್ಕೊಂದು ಉಜ್ಜಿ ಹಾರುವ ಕಬ್ಬಿಣದ ಪುಡಿ ಹತ್ತಿರದ ವಾಹನಗಳ ಮೇಲೆ ಕುಳಿತು, ಬಣ್ಣದಲ್ಲಿ ನಾಟಿ, ತುಕ್ಕು ಹಿಡಿಯುತ್ತದೆ. ನಿಮ್ಮ ಕಾರಿನ ಬ್ರೇಕು ಉದುರಿಸುವ ಪುಡಿಯೂ ಇದೇ ಜಾತಿಯದು. ಬಿಳಿ ಕಾರಿನ ಮೇಲೆ ಕಿತ್ತಳೆ ಚುಕ್ಕೆಯಾಗಿ ಕಾಣುವ ಇದು ಕಡುನೀಲಿಯ ಮೇಲೆ ಕಾಣದು, ಕೈಗೆ ಮಾತ್ರ ಸಿಗುತ್ತದೆ. ಇದಕ್ಕೆಂದೇ ಐರನ್ ರಿಮೂವರ್ ದ್ರವ ಸಿಗುತ್ತದೆ. ಸಿಂಪಡಿಸಿದರೆ ಕಬ್ಬಿಣ ಇರುವಲ್ಲೆಲ್ಲ ನೇರಳೆ ಬಣ್ಣಕ್ಕೆ ತಿರುಗಿ ಹರಿಯುತ್ತದೆ. ವಾಸನೆ ಕೊಳೆತ ಮೊಟ್ಟೆಯಂತಹುದು, ಮನೆಯವರಿಗೆ ಮೊದಲೇ ಹೇಳಿಡಿ. ಕೈಗವಸು ಹಾಕಿಕೊಳ್ಳಿ, ಒಣಗುವ ಮೊದಲೇ ತೊಳೆಯಿರಿ.

ಎರಡನೆಯದು ನಿಮ್ಮ ಮಾವಿನ ಮರ. ಧಾರವಾಡದವರಿಗೆ ಆಪೂಸಿನ ಮರ ಕಡಿಯಿರಿ ಎಂದು ಹೇಳುವ ಧೈರ್ಯ ನನಗಿಲ್ಲ. ಹೂ ಬಿಡುವ ಕಾಲದಲ್ಲಿ ಮಾತ್ರ ಕಾರನ್ನು ಬೇರೆ ಕಡೆ ನಿಲ್ಲಿಸಿ. ಆಗ ಜಿಗಿಹುಳುಗಳು ಹೂಗೊಂಚಲಿನ ರಸ ಹೀರಿ ಅಂಟಾದ ಸಿಹಿ ದ್ರವವನ್ನು ಹನಿಸುತ್ತವೆ, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಸಕ್ಕರೆಯ ಅಂಟಾದ್ದರಿಂದ ಉಗುರುಬೆಚ್ಚಗಿನ ನೀರಿಗೆ ಕರಗುತ್ತದೆ, ಉಗುರಿನಿಂದ ಕೆರೆಯಬೇಡಿ. ಕಾಯಿ ಕೀಳುವಾಗ ತೊಟ್ಟಿನಿಂದ ಚಿಮ್ಮುವ ಸೊನೆ ಬೇರೆಯದೇ ವಸ್ತು. ಚರ್ಮವನ್ನೇ ಸುಡುವ ಅದು ಬಣ್ಣವನ್ನು ಬಿಡುತ್ತದೆಯೇ? ಕಂಡ ಕೂಡಲೇ ತೊಳೆಯಿರಿ. ಹಕ್ಕಿಯ ಹಿಕ್ಕೆಗೂ ಇದೇ ಅವಸರ. ಬಿಸಿಲಿಗೆ ಕ್ಲಿಯರ್ ಕೋಟ್ ಹಿಗ್ಗಿ ಮೆದುವಾಗಿ, ರಾತ್ರಿ ತಣ್ಣಗಾಗಿ ಬಿಗಿಯುವಾಗ ಹಿಕ್ಕೆಯ ಅಚ್ಚು ಅದರಲ್ಲೇ ಉಳಿಯುತ್ತದೆ. ಒದ್ದೆ ಅರಿವೆಯನ್ನು ಎರಡು ನಿಮಿಷ ಅದರ ಮೇಲೆ ಇಟ್ಟು, ಮೆದುವಾದ ಮೇಲೆ ಎತ್ತಿ ತೆಗೆಯಿರಿ.

ಇಷ್ಟಾದ ಮೇಲೂ ಒರಟು ಉಳಿದರೆ ಕ್ಲೇ ಬಾರ್. ಕಣಕದಂತಹ ಒಂದು ಮುದ್ದೆ, ಅಂಗೈಯಲ್ಲಿ ತಟ್ಟಿ, ಶಾಂಪೂ ನೀರು ಸಿಂಪಡಿಸಿದ ಮೈಮೇಲೆ ಭಾರ ಹಾಕದೆ ಜಾರಿಸಬೇಕು. ಕೊಳೆಯಾದ ಮುಖವನ್ನು ಒಳಗೆ ಮಡಚಿ ಹೊಸ ಮುಖ ಮಾಡಿಕೊಳ್ಳುತ್ತ ಹೋಗಿ. ನೆಲಕ್ಕೆ ಬಿದ್ದ ಮುದ್ದೆಯನ್ನು ಬಿಸಾಡಲೇಬೇಕು. ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು.

ಈಗ ಗೆರೆಗಳು. ಇಲ್ಲಿ ಪದಗಳ ಗೊಂದಲವಿದೆ. ನಮ್ಮಲ್ಲಿ ಮೇಣ ಹಚ್ಚುವುದಕ್ಕೂ ‘ಪಾಲಿಶ್’, ಕಾಂಪೌಂಡ್ ಎಂಬ ಉಜ್ಜುವ ಲೇಪ ಹಾಕಿ ಯಂತ್ರದಿಂದ ಉಜ್ಜುವುದಕ್ಕೂ ‘ಪಾಲಿಶ್’. ಮೇಣ ಸೇರಿಸುತ್ತದೆ, ಪಾಲಿಶ್ ಕಳೆಯುತ್ತದೆ. ಗೆರೆಯ ಆಳದವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನೇ ತೆಳ್ಳಗೆ ಕೆತ್ತಿ ಸಮ ಮಾಡುವುದೇ ಪಾಲಿಶ್. 40 ಮೈಕ್ರಾನಿನ ಗಂಟಿನಲ್ಲಿ ಪ್ರತಿ ಸಲವೂ ಒಂದೆರಡು ಮೈಕ್ರಾನ್ ಖರ್ಚು. ಪ್ರತಿ ಸರ್ವಿಸಿಗೂ ‘ಪಾಲಿಶ್ ಮಾಡಿಬಿಡಿ’ ಎನ್ನುವವರು ಇದನ್ನು ಯೋಚಿಸಬೇಕು. ಕೆಲಸ ಕಲಿಯುವ ದಿನಗಳಲ್ಲಿ ಒಬ್ಬ ವೈದ್ಯರ ಕಾರಿನ ಬಾನೆಟ್ ಅಂಚಿನಲ್ಲಿ ರೋಟರಿ ಯಂತ್ರವನ್ನು ಒಂದು ಕ್ಷಣ ಹೆಚ್ಚು ನಿಲ್ಲಿಸಿದೆ. ಅಂಚಿನಲ್ಲಿ ಬಣ್ಣ ಯಾವಾಗಲೂ ತೆಳ್ಳಗಿರುತ್ತದೆ ಎಂಬುದು ಗೊತ್ತಿರಲಿಲ್ಲ. ಬೆಳ್ಳಿ ಬಣ್ಣದ ನಡುವೆ ಬೂದು ಪ್ರೈಮರ್ ಇಣುಕಿದಾಗ ಗೊತ್ತಾಯಿತು. ಇಡೀ ಬಾನೆಟಿಗೆ ಹೊಸ ಬಣ್ಣ ಹೊಡೆದುಕೊಟ್ಟೆ, ಆ ತಿಂಗಳ ಸಂಬಳ ಅದಕ್ಕೇ ಹೋಯಿತು.

ಹಾಗಾಗಿ ಮನೆಯಲ್ಲಿ ಯಂತ್ರ ಬೇಡ. ಉಗುರು ಅಡ್ಡ ಎಳೆದಾಗ ಸಿಕ್ಕಿಕೊಳ್ಳದಂತಹ ಒಂದೆರಡು ಗೀರುಗಳಿಗೆ ಸಣ್ಣ ಸ್ಪಂಜಿನ ಮೇಲೆ ಬಟಾಣಿಯಷ್ಟು ನಯವಾದ ಫಿನಿಶಿಂಗ್ ಪಾಲಿಶ್ ಹಾಕಿ, ಕೈಯಿಂದ ಒಂದು ಗೇಣು ಜಾಗದಲ್ಲಿ ಉಜ್ಜಿ ನೋಡಿ. ಪಕ್ಕದ ಕಪ್ಪು ಪ್ಲಾಸ್ಟಿಕ್ಕಿಗೆ ಮಾಸ್ಕಿಂಗ್ ಟೇಪ್ ಅಂಟಿಸುವುದನ್ನು ಮರೆಯಬೇಡಿ. ಉಗುರು ಸಿಕ್ಕಿಕೊಂಡರೆ ಅದು ಆಳದ ಗೀರು, ಅದರ ಗೊಡವೆಗೆ ಹೋಗಬೇಡಿ. ಬಾನೆಟ್ ತುಂಬ ಇರುವ ಬಲೆ ಕೈಯಿಂದ ಪೂರ್ತಿ ಹೋಗುವುದಿಲ್ಲ. ಅದನ್ನು ಸಹಿಸಿಕೊಂಡು ಹೊಸ ಗೆರೆ ಬೀಳದಂತೆ ನೋಡಿಕೊಳ್ಳುವುದು ನನ್ನ ಮೊದಲ ಸಲಹೆ.

ರಕ್ಷಣೆಗೆ ಮೇಣ, ಅಥವಾ ಮೇಣದ ಕೆಲಸವನ್ನೇ ಮಾಡುವ ಕೃತಕ ಲೇಪವಾದ ಸೀಲೆಂಟ್. ಕಾರ್ನೌಬಾ ಮೇಣ ಬ್ರೆಜಿಲ್ಲಿನ ಒಂದು ಜಾತಿಯ ತಾಳೆಯ ಎಲೆಯಿಂದ ಬರುತ್ತದೆ. ಕಡುಬಣ್ಣದ ಮೇಲೆ ಅದರ ಹೊಳಪು ನನಗೆ ಈಗಲೂ ಇಷ್ಟ, ಆದರೆ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಒಂದೆರಡು ತಿಂಗಳಿಗಿಂತ ಹೆಚ್ಚು ನಿಲ್ಲುವುದಿಲ್ಲ. ಕೃತಕ ಸೀಲೆಂಟ್ ನಾಲ್ಕರಿಂದ ಆರು ತಿಂಗಳು ಬಾಳುತ್ತದೆ. ನಿಮ್ಮಂತೆ ದಿನವೂ ಓಡುವ ಕಾರಿಗೆ ಅದೇ ಲೇಸು. ಮಳೆಗಾಲಕ್ಕೆ ಮುಂಚೆ ಒಮ್ಮೆ, ದೀಪಾವಳಿಯ ಹೊತ್ತಿಗೆ ಒಮ್ಮೆ ಹಚ್ಚಿ. ತೆಳ್ಳಗೆ ಹಚ್ಚುವುದೇ ಗುಟ್ಟು. ಹೆಚ್ಚು ಬಳಿದರೆ ಹೆಚ್ಚು ರಕ್ಷಣೆ ಸಿಗುವುದಿಲ್ಲ, ಒರೆಸುವ ಕೆಲಸ ಹೆಚ್ಚುತ್ತದೆ ಅಷ್ಟೇ.

ಬೂದಿಯಾದ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು ಬಿಸಿಲು ತಿಂದಿರುತ್ತದೆ. ಬಣ್ಣ ಹೊಡೆಯದ ಈ ಭಾಗಗಳಿಗೆ ಕ್ಲಿಯರ್ ಕೋಟಿನ ಛತ್ರಿ ಇಲ್ಲ. ಕೊಬ್ಬರಿ ಎಣ್ಣೆ, ಹಳೆಯ ಎಂಜಿನ್ ಆಯಿಲ್ ಬಳಿಯುವವರಿದ್ದಾರೆ. ಎರಡು ದಿನ ಕಪ್ಪಗೆ ಮಿರುಗಿ, ಮೂರನೆಯ ದಿನ ನವಲಗುಂದದ ದೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ಮೊದಲು ಮೆದು ಬ್ರಷ್ ಮತ್ತು ಶಾಂಪೂವಿನಿಂದ ಚೆನ್ನಾಗಿ ಉಜ್ಜಿ, ಬಿಳಿ ಅರಿವೆಯಿಂದ ಒರೆಸಿದರೆ ಕಪ್ಪು ಹತ್ತದಷ್ಟು ಶುಚಿ ಮಾಡಿ. ಪೂರ್ತಿ ಒಣಗಿದ ಮೇಲೆ ನೀರು ಆಧಾರಿತ ಟ್ರಿಮ್ ಡ್ರೆಸಿಂಗ್ ಹಚ್ಚಿ, ಹತ್ತು ನಿಮಿಷ ಬಿಟ್ಟು, ಮಿಕ್ಕದ್ದನ್ನು ಒರೆಸಿ ತೆಗೆಯಿರಿ. ತಿಂಗಳಿಗೊಮ್ಮೆ ಬೇಕಾಗುತ್ತದೆ. ವರ್ಷಗಟ್ಟಲೆ ಬೇಕೆಂದರೆ ಪ್ಲಾಸ್ಟಿಕ್ಕಿಗೆಂದೇ ಇರುವ ಕೋಟಿಂಗ್ ಇದೆ, ಸಣ್ಣ ಶೀಶೆಯಲ್ಲಿ ಎರಡೂ ಬಂಪರ್ ಆಗುತ್ತವೆ. ಹಳೆಯ ಮೇಣ ಮೆತ್ತಿ ಬೆಳ್ಳಗಾದ ಗುರುತುಗಳಿದ್ದರೆ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಹೋಗುತ್ತವೆ. ಬಾಗಿಲಿನ ರಬ್ಬರ್ ಬೀಡಿಂಗಿಗೆ ಸಿಲಿಕಾನ್ ಮಾತ್ರ, ಪೆಟ್ರೋಲಿಯಂ ಎಣ್ಣೆ ತಗುಲಿದರೆ ರಬ್ಬರ್ ಉಬ್ಬುತ್ತದೆ. ವಾಟರ್ ಸರ್ವಿಸಿಗೆ ಬಿಟ್ಟಾಗ ‘ಕೆಳಗೆ ಡೀಸೆಲ್ ಹೊಡೆಯಲೇ’ ಎಂದು ಕೇಳಿದರೆ ಬೇಡ ಎನ್ನಿ, ಅಲ್ಲಿನ ಕೀಲುಗಳಲ್ಲಿರುವ ಬುಷ್‌ಗಳೂ ರಬ್ಬರೇ.

ನೀವು ಕೇಳದ ಎರಡು ಮಾತು. ಕವರ್ ಹಾಕುವ ಯೋಚನೆಯಿದ್ದರೆ, ತೊಳೆದು ಒಣಗಿದ ಕಾರಿಗೆ ಮಾತ್ರ ಹಾಕಿ. ದೂಳು ತುಂಬಿದ ಮೈಮೇಲೆ ಹಾಕಿದ ಕವರು ಆಷಾಢದ ಗಾಳಿಗೆ ರಾತ್ರಿಯಿಡೀ ಬಡಿದು, ನೀವು ನಿಲ್ಲಿಸಿದ ಒರೆಸುವ ಕೆಲಸವನ್ನು ತಾನೇ ಮುಂದುವರಿಸುತ್ತದೆ. ಇನ್ನು ಹಬ್ಬ. ಆಯುಧಪೂಜೆಯ ಅರಿಶಿನ ಕುಂಕುಮವನ್ನು ನೇರವಾಗಿ ಬಾನೆಟಿಗೆ ಹಚ್ಚದೆ ನಂಬರ್ ಪ್ಲೇಟಿನ ಮೇಲೋ ಗಾಜಿನ ಮೇಲೋ ಹಚ್ಚಿ, ಸಂಜೆಗೆ ತೊಳೆಯಿರಿ. ದೇವರು ತಪ್ಪು ತಿಳಿಯುವುದಿಲ್ಲ. ಹುಬ್ಬಳ್ಳಿಯ ರಂಗಪಂಚಮಿಯ ದಿನ ಆ ಕಡೆ ಕಾರು ಒಯ್ಯಬೇಡಿ. ಒಯ್ದು ಬಣ್ಣದ ಪುಡಿ ಬಿದ್ದರೆ ಕೈಯಿಂದ ಝಾಡಿಸದೆ ಜೋರು ನೀರಿನಿಂದಲೇ ತೆಗೆಯಿರಿ.

ಕೊನೆಯದಾಗಿ 28,000 ರೂಪಾಯಿಯ ಪ್ರಶ್ನೆ. ಸೆರಾಮಿಕ್ ಕೋಟಿಂಗ್ ಸುಳ್ಳಲ್ಲ. ಸಿಲಿಕಾ ಆಧಾರಿತ ಆ ಪದರ ಒಳ್ಳೆಯದಾದರೆ ಎರಡು ಮೂರು ವರ್ಷ ನಿಲ್ಲುತ್ತದೆ, ಕೊಳೆ ಬೇಗ ಜಾರುತ್ತದೆ, ತೊಳೆಯುವುದು ಸುಲಭವಾಗುತ್ತದೆ. ಆದರೆ ಅದರ ದಪ್ಪ ಮೈಕ್ರಾನಿನ ಆಸುಪಾಸು. ಅದು ಕಲ್ಲಿನ ಏಟು ತಡೆಯುವುದಿಲ್ಲ. ಅದನ್ನು ತಡೆಯುವುದು 150 ಮೈಕ್ರಾನಿಗೂ ಮಿಗಿಲಾದ ದಪ್ಪದ ಪಾರದರ್ಶಕ ಫಿಲ್ಮ್, ಅದರ ಬೆಲೆಯೇ ಬೇರೆ. ಬೋರ್ ನೀರಿನ ಕಲೆ ಸೆರಾಮಿಕ್ ಮೇಲೂ ಕೂರುತ್ತದೆ. ‘9ಎಚ್ ಗಡಸುತನ’ ಎಂದು ಹೇಳುತ್ತಾರಲ್ಲ, ಅದು ಪೆನ್ಸಿಲ್ ಕಡ್ಡಿಯ ಗಡಸುತನದ ಅಳತೆ, ವಜ್ರದ್ದಲ್ಲ. ದಿನವೂ ಒರೆಸುವ ಅಭ್ಯಾಸ ಬಿಡದೆ ಮಾಡಿಸಿದರೆ ಆರು ತಿಂಗಳಲ್ಲಿ ಕೋಟಿಂಗಿನ ಮೇಲೂ ಅದೇ ಬಲೆ ಬಿದ್ದಿರುತ್ತದೆ.

ಮೊದಲು ನಾಲ್ಕು ತಿಂಗಳು ನಾನು ಹೇಳಿದಂತೆ ತೊಳೆದು ನೋಡಿ. ಆಗಲೂ ಬಾನೆಟಿನ ಗೆರೆ ನಿಮ್ಮ ನಿದ್ದೆ ಕೆಡಿಸಿದರೆ ಕೋಟಿಂಗ್ ಮಾಡಿಸಿ. ಆ ಹಣದ ಹೆಚ್ಚಿನ ಪಾಲು ಕೋಟಿಂಗಿಗಲ್ಲ, ಅದಕ್ಕೆ ಮುಂಚಿನ ಪಾಲಿಶ್ ಕೆಲಸಕ್ಕೆ ಎಂಬುದು ನೆನಪಿರಲಿ, ಏಕೆಂದರೆ ಒಳಗಿರುವ ಗೆರೆಗಳ ಮೇಲೆ ಕೋಟಿಂಗ್ ಬಳಿದರೆ ಗೆರೆಗಳೂ ಅಲ್ಲೇ ಉಳಿಯುತ್ತವೆ. ಅಂಗಡಿಗೆ ಹೋದಾಗ ಬಣ್ಣದ ದಪ್ಪ ಅಳೆಯುವ ಗೇಜಿನಿಂದ ಬಾನೆಟನ್ನು ನಾಲ್ಕು ಕಡೆ ಅಳೆದು ತೋರಿಸಲು ಹೇಳಿ. ಪಾಲಿಶಿಗೆ ಯಾವ ಯಂತ್ರ ಬಳಸುತ್ತೀರಿ, ಎಷ್ಟು ದಿನ ಕಾರು ಬಿಡಬೇಕು ಎಂದು ಕೇಳಿ. ಬೆಳಿಗ್ಗೆ ಬಿಟ್ಟರೆ ಮಧ್ಯಾಹ್ನ ಊಟದ ಹೊತ್ತಿಗೆ ಕೊಡುತ್ತೇವೆ ಎಂದರೆ, ಅಥವಾ ಗೇಜು ಇಲ್ಲ ಎಂದರೆ, ಕೀಲಿಯನ್ನು ಅವರ ಮೇಜಿನ ಮೇಲೆ ಇಡಬೇಡಿ.